ಕರಿಯರ ಹಬ್ಬ

"ಮಿಸ್, ಈ ಗೋಡೆಗೆ ಟೇಪ್ ಹಿಡೀತಾನೇ ಇಲ್ಲ," ಎಂದಳು ಮಾಲಿನಿ, ಕುರ್ಚಿಯ ಮೇಲೆ ನಿಂತುಕೊಂಡು.

ಹಿಡಿಯುವುದಿಲ್ಲವೆಂದು ಅನಸೂಯಮ್ಮನಿಗೆ ಹನ್ನೊಂದು ವರ್ಷದಿಂದ ಗೊತ್ತು. ಕೈಯಿಟ್ಟರೆ ಸುಣ್ಣದ ಪುಡಿ ಉದುರುವ ಗೋಡೆ ಅದು. ಗಾಂಧೀಜಿಯಿಂದ ಹಿಡಿದು ಕೈ ತೊಳೆಯುವ ಏಳು ಹಂತಗಳವರೆಗೆ ಎಲ್ಲವೂ ಒಂದಲ್ಲ ಒಂದು ದಿನ ಅಲ್ಲಿಂದ ಕೆಳಗೆ ಬಿದ್ದಿವೆ. ಮೊಳೆ ಹೊಡೆದು ದಾರ ಕಟ್ಟಬೇಕು. ಆದರೆ ಅವಳು ಹೇಳಲಿಲ್ಲ. ಹಳ್ಳಿ ಮಕ್ಕಳನ್ನು ಉದ್ಧಾರ ಮಾಡಲು ಬೆಂಗಳೂರಿನಿಂದ ಬಂದವರು ಗೋಡೆಯ ಗುಣವನ್ನೂ ತಾವೇ ಕಂಡುಕೊಳ್ಳಲಿ ಎಂದು ಹಾಜರಿ ಪುಸ್ತಕ ತೆರೆದು ಕೂತಳು.

ಮಾಲಿನಿಗೆ ಇಪ್ಪತ್ತನಾಲ್ಕು ವರ್ಷ. ಯಾವುದೋ ಸಂಸ್ಥೆಯ 'ಫೆಲೋ'. ಹಾಗೆಂದರೆ ಏನು ಕೆಲಸ ಎಂದು ಅನಸೂಯಮ್ಮ ಕೇಳಿರಲಿಲ್ಲ. ಕೊಳ್ಳೇಗಾಲದಲ್ಲಿ ರೂಮು ಮಾಡಿಕೊಂಡು, ವಾರಕ್ಕೆ ಎರಡು ದಿನ ಸ್ಕೂಟರಿನಲ್ಲಿ ಈ ಊರಿಗೆ ಬರುತ್ತಿದ್ದಳು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹೋಗುವ ಹೆಂಗಸನ್ನು ಕಂಡರೂ 'ವಾವ್', ಕಟ್ಟೆಯ ಮೇಲೆ ಒಣಗಿದ ಅರಿಶಿನದ ರಾಶಿ ಕಂಡರೂ 'ವಾವ್'. ಮಕ್ಕಳಿಗೆ ಅವಳೆಂದರೆ ಪ್ರಾಣ. ಅದೂ ಅನಸೂಯಮ್ಮನಿಗೆ ಸಹಿಸಲಾಗುತ್ತಿರಲಿಲ್ಲ. ವಾರಕ್ಕೆ ಎರಡೇ ದಿನ ಬರುವುದಾದರೆ ಪ್ರಾಣವಾಗುವುದು ಏನು ಮಹಾ ಕಷ್ಟ?

ಕೊನೆಗೆ ಮಾಲಿನಿ ಗೋಂದು ಬಳಿದು ಆರು ಚಿತ್ರಗಳನ್ನು ಅಂಟಿಸಿದಳು. ಆರೂ ಕಪ್ಪು ಮುಖಗಳು. ಮಕ್ಕಳು ಸುತ್ತ ನೆರೆದು, ಗುಡಿಯ ದೇವರನ್ನು ನೋಡುವ ಹಾಗೆ ಕತ್ತೆತ್ತಿ ನೋಡಿದರು.

"ಯಾರ್ ಮಿಸ್ ಇವ್ರೆಲ್ಲ?"

"ಇವರೆಲ್ಲ ಅಮೆರಿಕಾದ ಬ್ಲಾಕ್ ಲೀಡರ್ಸ್. ಅಲ್ಲಿ ಫೆಬ್ರವರಿ ಪೂರ್ತಿ ಕಪ್ಪು ಜನರ ಇತಿಹಾಸದ ತಿಂಗಳು ಅಂತ ಆಚರಿಸ್ತಾರೆ. ಈ ಸಲ ನಾವೂ ಸೆಲೆಬ್ರೇಟ್ ಮಾಡೋಣ. ಓಕೆನಾ?"

"ಓಕೆ ಮಿಸ್!" ಎಂದು ಇಪ್ಪತ್ತಮೂರು ಗಂಟಲುಗಳು ಕಿರುಚಿದವು. ಸಂಜೆಯ ಹೊತ್ತಿಗೆ ಊರಲ್ಲೆಲ್ಲ ಸುದ್ದಿಯಾಯಿತು: ಸಾಲೇಲಿ ಕರಿಯರ ಹಬ್ಬವಂತೆ.

ಅನಸೂಯಮ್ಮ ಕೊಳ್ಳೇಗಾಲದ ನೇಯ್ಗೆಯವರ ಮನೆಯ ಹೆಣ್ಣು. ಮಾರ್ಟಳ್ಳಿಯಲ್ಲಿ ಒಂಬತ್ತು ವರ್ಷ ತಮಿಳು ಮಾತಾಡುವ ಮಕ್ಕಳಿಗೆ ಕನ್ನಡದ ಕಾಗುಣಿತ ಕಲಿಸಿ, ಆಮೇಲೆ ಹನೂರಿನ ದಾರಿಯ ಈ ಊರಿಗೆ ವರ್ಗವಾಗಿ ಬಂದು ಹನ್ನೊಂದು ವರ್ಷ. ಒಂದರಿಂದ ಐದನೇ ತರಗತಿವರೆಗಿನ ಶಾಲೆ. ಮುಖ್ಯ ಶಿಕ್ಷಕಿಯೂ ಅವಳೇ, ಗಂಟೆ ಹೊಡೆಯುವವಳೂ ಅವಳೇ. ಇಷ್ಟು ವರ್ಷದಲ್ಲಿ ಅವಳು ಸಂಪಾದಿಸಿದ್ದು ಒಂದೇ ಆಸ್ತಿ, ತಾತ್ಸಾರ. ಊರಿನ ಯಜಮಾನರ ಬಗ್ಗೆ ತಾತ್ಸಾರ. ಏಕೆಂದರೆ ಅವರು ಮೀಟಿಂಗಿಗೆ ಬಂದು ಕುರ್ಚಿ ಯಾವ ಕಡೆ ಹಾಕಿದೆ ಎಂಬುದನ್ನಷ್ಟೇ ನೋಡುತ್ತಿದ್ದರು. ಸಿ.ಆರ್.ಪಿ. ಸತೀಶನ ಬಗ್ಗೆಯೂ ತಾತ್ಸಾರ. ಯಳಂದೂರಿನ ಕಡೆಯ ಈ ಹುಡುಗ ಶಾಲೆ ತಪಾಸಣೆಗೆಂದು ಬಂದು, ಮಕ್ಕಳನ್ನು ಒಂದು ಮಗ್ಗಿಯನ್ನೂ ಕೇಳದೆ ಫೋಟೋ ಹೊಡೆದುಕೊಂಡು ಹೋಗುತ್ತಿದ್ದ. ಈಗ ಮಾಲಿನಿ. ಈ ತಾತ್ಸಾರವನ್ನು ಅನಸೂಯಮ್ಮ ಯಾರೆದುರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಎಲೆ ಅಡಿಕೆಯಂತೆ ಒಬ್ಬಳೇ ಅಗಿಯುತ್ತಿದ್ದಳು.

ಮಾಲಿನಿ ಹೇಳಿದ ಕಥೆ ಮಾತ್ರ ಚೆನ್ನಾಗಿತ್ತು. ಅಮೆರಿಕದ ಒಂದು ಊರಿನ ಬಸ್ಸಿನಲ್ಲಿ ಬಿಳಿಯರು ಮುಂದೆ, ಕರಿಯರು ಹಿಂದೆ. ಮುಂದಿನ ಸೀಟು ತುಂಬಿದರೆ ಹಿಂದಿನವರು ಎದ್ದು ಜಾಗ ಬಿಡಬೇಕು. ಒಂದು ಸಂಜೆ ಹೊಲಿಗೆ ಕೆಲಸ ಮುಗಿಸಿ ಮನೆಗೆ ಹೊರಟ ಒಬ್ಬ ಹೆಂಗಸು ಏಳಲಿಲ್ಲ. ಪೊಲೀಸರು ಹಿಡಿದುಕೊಂಡು ಹೋದರು. ಅಂದಿನಿಂದ ಆ ಊರಿನ ಕರಿಯರು ಒಬ್ಬರೂ ಬಸ್ಸು ಹತ್ತಲಿಲ್ಲ. ಒಂದು ವರ್ಷಕ್ಕೂ ಮೇಲೆ ಮಳೆ ಚಳಿ ಎನ್ನದೆ ನಡೆದರು. ಕೊನೆಗೆ ಕಾನೂನೇ ಬದಲಾಯಿತು.

"ಇದಕ್ಕೆ ಬಾಯ್ಕಾಟ್ ಅಂತಾರೆ," ಎಂದು ಮಾಲಿನಿ ಬೋರ್ಡಿನ ಮೇಲೆ ಬರೆದಳು. "ತಪ್ಪು ನಡೀತಿದ್ರೆ, ನಾವು ಅದರ ಜೊತೆ ಸೇರಲ್ಲ. ಬಿಟ್ಟುಬಿಡ್ತೀವಿ. ಅಷ್ಟೇ."

ನಾಲ್ಕನೇ ತರಗತಿಯ ಇಂಚರ ಆ ಪದವನ್ನು ನೋಟ್‌ಬುಕ್ಕಿನಲ್ಲಿ ಮೂರು ಸಲ ಬರೆದುಕೊಂಡಳು. ಎಲ್ಲರಿಗಿಂತ ಚುರುಕಿನ ಹುಡುಗಿ ಅವಳು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ದೊಡ್ಡಮಾದಪ್ಪನ ಮೊಮ್ಮಗಳು.

ಆಗ ಮಧ್ಯಾಹ್ನದ ಗಂಟೆಯಾಯಿತು. ಹದಿನಾರು ಮಕ್ಕಳು ತಟ್ಟೆ ಹಿಡಿದು ಅಡಿಗೆ ಕೋಣೆಯ ಮುಂದಿನ ನೆರಳಿಗೆ ಓಡಿದರು. ಏಳು ಮಕ್ಕಳು ಚೀಲದಿಂದ ಸ್ಟೀಲ್ ಡಬ್ಬಿ ತೆಗೆದುಕೊಂಡು ಇನ್ನೊಂದು ಕೊನೆಯ ಜಗಲಿಗೆ ಹೋದರು. ಇಂಚರ ಆ ಏಳರಲ್ಲಿ ಮೊದಲನೆಯವಳು.

"ಆ ಮಕ್ಕಳಿಗೆ ಮನೆ ಊಟಾನೇ ಇಷ್ಟ ಅಲ್ವಾ ಮಿಸ್? ಸೋ ಸ್ವೀಟ್," ಎಂದಳು ಮಾಲಿನಿ.

"ಹೂಂ," ಎಂದಳು ಅನಸೂಯಮ್ಮ, ತನ್ನ ಡಬ್ಬಿಯ ಮುಚ್ಚಳ ತೆಗೆಯುತ್ತ. ಆರು ವಾರದಿಂದ ಬರುತ್ತಿದ್ದಾಳೆ. ಸಮುದ್ರದಾಚೆಯ ಬಸ್ಸಿನಲ್ಲಿ ಯಾರು ಎಲ್ಲಿ ಕೂತರೆಂದು ಇವಳಿಗೆ ಗೊತ್ತು. ಹತ್ತು ಮಾರು ದೂರದ ಜಗಲಿಯಲ್ಲಿ ಯಾರು ಯಾಕೆ ಕೂತಿದ್ದಾರೆಂದು ಗೊತ್ತಿಲ್ಲ.

ಅದು ಜೂನ್ ತಿಂಗಳಿನ ಮಾತು. ಆರು ವರ್ಷ ಅಡಿಗೆ ಮಾಡಿದ ಮಹಾಲಕ್ಷ್ಮಮ್ಮನಿಗೆ ಅರವತ್ತು ತುಂಬಿ, ಅವರ ಜಾಗಕ್ಕೆ ಕೆಳಗಿನ ಬೀದಿಯ ಸಣ್ಣತಾಯಮ್ಮ ಬಂದಳು. ಮೊದಲ ದಿನವೇ ಏಳು ತಟ್ಟೆ ಖಾಲಿ ಉಳಿದವು. ಮರುದಿನ ದೊಡ್ಡಮಾದಪ್ಪ ಶಾಲೆಗೆ ಬಂದು, ಕುರ್ಚಿಯನ್ನು ಫ್ಯಾನಿನ ಕೆಳಕ್ಕೆ ಎಳೆದುಕೊಂಡು ಕೂತಿದ್ದರು.

"ನೋಡಿ ಮೇಡಮ್ಮೋರೆ, ನಂಗೇನೂ ಇಲ್ಲ. ಕಾಲ ಕೆಟ್ಟದೆ, ಕಾನೂನೂ ಅದೆ. ಆದ್ರೆ ಮನೆ ಎಂಗಸ್ರು ಒಪ್ಪದಿಲ್ಲ. ನಮ್ ಐಕ ಮನೆಯಿಂದ್ಲೇ ಬುತ್ತಿ ತಕಂಡ್ ಬತ್ತವೆ. ನೀವೂ ಸುಮ್ಕಿರಿ, ನಾವೂ ಸುಮ್ಕಿರ್ತೀವಿ. ಗಲಾಟೆ ಯಾಕೆ?"

ಅನಸೂಯಮ್ಮ ಸುಮ್ಮನಿದ್ದಳು. ಸುಮ್ಮನಿರುವುದರಲ್ಲಿ ಅವಳಿಗೆ ಇಪ್ಪತ್ತು ವರ್ಷದ ಸರ್ವೀಸು. ಮನೆಯ ಹೆಂಗಸರ ಸೆರಗಿನ ಹಿಂದೆ ಅವಿತುಕೊಳ್ಳುವ ಗಂಡಸು ಎಂದು ಆ ಸಂಜೆ ಬಸ್ಸಿನಲ್ಲಿ ಮನಸಾರೆ ಬೈದುಕೊಂಡಳು. ಅಷ್ಟಕ್ಕೆ ಅವಳ ನ್ಯಾಯ ಮುಗಿಯಿತು.

ಹಬ್ಬಕ್ಕೆ ಆ ಬಸ್ಸಿನ ಕಥೆಯನ್ನೇ ನಾಟಕ ಮಾಡುವುದೆಂದಾಯಿತು. ಪಾತ್ರ ಹಂಚುವ ದಿನ ಮಾಲಿನಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮುಖ ನೋಡುತ್ತ ಬಂದಳು. ಎಲ್ಲರಿಗಿಂತ ಕಪ್ಪಗಿದ್ದವಳು ಇಂಚರ. ದೊಡ್ಡಮಾದಪ್ಪನ ವಂಶವೇ ಹಾಗೆ. ಬಾಣಲೆಯ ತಳದಂಥ ಬಣ್ಣ. "ನೀನೇ ನಮ್ಮ ಹೀರೋಯಿನ್," ಎಂದಳು ಮಾಲಿನಿ. ಇಂಚರ ನಾಚಿ ಕುಣಿದಳು. ಬಿಳಿ ಡ್ರೈವರನ ಪಾತ್ರಕ್ಕೆ ಸ್ವಲ್ಪ ಬೆಳ್ಳಗಿರುವ, ಗಟ್ಟಿ ಗಂಟಲಿನ ಒಬ್ಬರು ಬೇಕಿತ್ತು. ಐದನೇ ತರಗತಿಯ ಭವ್ಯಳನ್ನು ಆರಿಸಿದಳು. ಭವ್ಯ ಸಣ್ಣತಾಯಮ್ಮನ ಮಗಳು.

ಅನಸೂಯಮ್ಮ ಅದನ್ನು ಮೇಜಿನ ಹಿಂದಿನಿಂದ ನೋಡಿದಳು. ಈ ಊರಿನಲ್ಲಿ ಯಾರು ಮೇಲೆ ಯಾರು ಕೆಳಗೆ ಎಂಬುದನ್ನು ಚರ್ಮ ನೋಡಿ ತೀರ್ಮಾನ ಮಾಡಿದ ಮೊದಲ ಮನುಷ್ಯಳು ಇವಳೇ ಇರಬೇಕು ಎಂದುಕೊಂಡು ಒಳಗೊಳಗೇ ನಕ್ಕಳು. ಎಚ್ಚರಿಸಬಹುದಿತ್ತು. ಎಚ್ಚರಿಸಲಿಲ್ಲ. ತಮಾಷೆ ಎಲ್ಲಿಗೆ ಮುಟ್ಟುತ್ತದೋ ನೋಡೋಣ ಎನ್ನಿಸಿತು.

ಆ ವಾರ ಮಾಲಿನಿ ದಿನವೂ ಬಂದಳು, ಮೂರು ದಿನ ಅಭ್ಯಾಸ ನಡೆಯಿತು. ಬೆಂಚುಗಳೇ ಬಸ್ಸು, ಊಟದ ತಟ್ಟೆಯೇ ಸ್ಟೇರಿಂಗ್. ಭವ್ಯ ತಟ್ಟೆ ಬಿಟ್ಟು ಎದ್ದುಬಂದು, ಸೊಂಟದ ಮೇಲೆ ಕೈಯಿಟ್ಟು, "ಏಯ್, ಏಳು ಮ್ಯಾಕೆ! ಇದು ನಿಮ್ಮೋರು ಕೂರೋ ಜಾಗ ಅಲ್ಲ!" ಎಂದು ಗುಡುಗಿದರೆ ಒಂದನೇ ತರಗತಿಯ ಮಕ್ಕಳು ನಿಜಕ್ಕೂ ಹೆದರಿ ಹಿಂದೆ ಸರಿಯುತ್ತಿದ್ದರು. ಆ ಮಾತು ಮಾಲಿನಿ ಬರೆದುಕೊಟ್ಟದ್ದಲ್ಲ. ಭವ್ಯಳೇ ಸೇರಿಸಿಕೊಂಡಿದ್ದಳು. ಎಲ್ಲಿ ಕಲಿತಳು ಎಂದು ಮಾಲಿನಿ ಕೇಳಲಿಲ್ಲ, "ಸೂಪರ್ ಡೈಲಾಗ್ ಭವ್ಯಾ!" ಎಂದು ಚಪ್ಪಾಳೆ ತಟ್ಟಿದಳು.

ನಾಲ್ಕನೆಯ ದಿನ ಬೆಳಿಗ್ಗೆ ದೊಡ್ಡಮಾದಪ್ಪ ಬಂದರು. ಈ ಸಲ ಕುರ್ಚಿ ಎಳೆಯಲಿಲ್ಲ.

"ಏನ್ ಮೇಡಮ್ಮೋರೆ ಇದು? ನಮ್ ಮಗಾ ಮನೇಲಿ ನಾಟ್ಕದ ಮಾತ್ ಯೋಳ್ತಾ ಕುಂತಿತ್ತು. ಅಡಿಗೇವಳ ಮಗಳು ನಮ್ ಮಗೀನ 'ಏಳು ಮ್ಯಾಕೆ' ಅಂದಳಂತೆ? ನಿಮ್ಮೋರು ಕೂರೋ ಜಾಗ ಅಲ್ಲ ಅಂದಳಂತೆ?"

"ನಾಟಕ ಅದು. ಅವಳು ಬಿಳಿ ಡ್ರೈವರು, ಇಂಚರ ಕರಿ ಹೆಂಗಸು."

"ನಮ್ ಮಗ ಕರಿಯೋಳಾ?"

ಅನಸೂಯಮ್ಮ ಅವರ ಮುಖವನ್ನೇ ನೋಡಿದಳು. ಆ ಮುಖವೇ ಉತ್ತರ ಹೇಳುತ್ತಿತ್ತು. ನಗು ಗಂಟಲಿನವರೆಗೂ ಬಂದು ನಿಂತಿತು.

"ಇಂಚರಳೇ ನಾಟಕದ ನಾಯಕಿ. ಕೊನೆಗೆ ಗೆಲ್ಲೋಳು ಅವಳೇ."

"ಗೆಲ್ಲದು ಆಮ್ಯಾಕಿರ್ಲಿ. ಬೈಯೋಳು ಯಾರು, ಅದು ನಂಗೆ ಬೇಕು. ಊರೋರೆಲ್ಲ ಬತ್ತಾರೆ ನೋಡಕೆ. ನೀವೇ ವಸಿ ಬದ್ಲಾಯ್ಸಿಬುಡಿ. ದೊಡ್ ಇಸ್ಯ ಮಾಡ್ಬೇಡಿ."

ದೊಡ್ಡ ವಿಷಯ ಮಾಡುವುದು ಅನಸೂಯಮ್ಮನಿಗೂ ಬೇಕಿರಲಿಲ್ಲ. ಮೂರು ವರ್ಷಕ್ಕೆ ರಿಟೈರ್‌ಮೆಂಟು. ಅವರು ಹೋದ ಮೇಲೆ ಭವ್ಯಳನ್ನು ಕರೆದು, "ನಿನ್ನ ಗಂಟಲು ಕಟ್ಟಿದ ಹಾಗಿದೆ ಕಣೇ. ಡ್ರೈವರ್ ಪಾರ್ಟು ಬೇರೆಯವರು ಮಾಡ್ಲಿ. ನೀನು ನಡ್ಕೊಂಡು ಹೋಗೋ ಜನರ ಗುಂಪಲ್ಲಿರು," ಎಂದಳು.

ಭವ್ಯಳ ಗಂಟಲು ಕಟ್ಟಿರಲಿಲ್ಲ. ಅವಳು ಅನಸೂಯಮ್ಮನನ್ನು ಒಂದು ಗಳಿಗೆ ನೋಡಿದಳು. ಆಮೇಲೆ, "ಸರಿ ಮಿಸ್," ಎಂದಳು, ಗಂಟೆಯ ಹಾಗೆ ಸ್ಪಷ್ಟವಾಗಿ.

ಮೇಲಿನ ಬೀದಿಯ ಒಬ್ಬ ಹುಡುಗ ಡ್ರೈವರನಾದ. ಮಾಲಿನಿಗೆ ಹೇಳಿದಾಗ ಅವಳು ಫೋನಿನಿಂದ ಕಣ್ಣೆತ್ತದೆ, "ಓಹ್, ಪಾಪ. ಪರವಾಗಿಲ್ಲ ಮಿಸ್, ಗುಂಪೂ ಇಂಪಾರ್ಟೆಂಟೇ," ಎಂದಳು.

ಶುಕ್ರವಾರ ಹಬ್ಬ. ಶಾಲೆಯ ಮುಂದೆ ಶಾಮಿಯಾನ, ಬಣ್ಣದ ಕಾಗದದ ತೋರಣ. ಮಾಲಿನಿಯ ಮೇಲಿನ ಅಧಿಕಾರಿ ಹರ್ಷವರ್ಧನ್ ಮೈಸೂರಿನಿಂದ ಕಾರಿನಲ್ಲಿ ಬಂದಿದ್ದ. ಗಡ್ಡ, ಖಾದಿ ಜುಬ್ಬ, ಕಾಲಲ್ಲಿ ದುಬಾರಿ ಬೂಟು. ಸಿ.ಆರ್.ಪಿ. ಸತೀಶ ಫೋಟೋಕ್ಕೆಂದೇ ತಲೆ ಬಾಚಿಕೊಂಡು ಬಂದಿದ್ದ. ಮೇಲಿನ ಬೀದಿಯವರಿಗೆ ಕುರ್ಚಿ. ಕೆಳಗಿನ ಬೀದಿಯ ಹೆಂಗಸರು ಕಾಂಪೌಂಡಿನ ಬಳಿ ತಾವಾಗಿಯೇ ನಿಂತುಕೊಂಡರು. ಅಲ್ಲಿ ನಿಲ್ಲಿ ಎಂದು ಹೇಳುವ ಶ್ರಮವನ್ನೂ ಅವರು ಯಾರಿಗೂ ಕೊಡಲಿಲ್ಲ. ಹರ್ಷವರ್ಧನ್ ಮೈಕು ಹಿಡಿದು ಸಮಾನತೆಯ ಬಗ್ಗೆ ಮಾತಾಡಿದ. ಎದುರಿಗೇ ಒಂದು ಕಡೆ ಕೂತ ಊರು, ಇನ್ನೊಂದು ಕಡೆ ನಿಂತ ಊರು. ಅವನ ಕಣ್ಣು ಎರಡರ ಮೇಲೂ ಪ್ರೀತಿಯಿಂದ ಹರಿದಾಡಿತು. ಇಷ್ಟು ಓದಿದ ಕುರುಡನ್ನು ತಾನು ಎಂದೂ ಕಂಡಿರಲಿಲ್ಲ ಎಂದುಕೊಂಡಳು ಅನಸೂಯಮ್ಮ.

ನಾಟಕ ಚೆನ್ನಾಗಿಯೇ ಆಯಿತು. ಡ್ರೈವರ್ ಹುಡುಗ ಮಾತು ಮರೆತು, "ದಯವಿಟ್ಟು ಏಳಿ," ಎಂದುಬಿಟ್ಟ. ಎಲ್ಲರೂ ನಕ್ಕರು. ಇಂಚರ ಏಳಲಿಲ್ಲ. ದೊಡ್ಡಮಾದಪ್ಪ ಎದೆಯುಬ್ಬಿಸಿ ಚಪ್ಪಾಳೆ ತಟ್ಟಿದರು. ಆಮೇಲೆ ಗುಂಪು ಬಂತು. ಬಸ್ಸು ಹತ್ತದ ಜನ. ಅಂಗಳವನ್ನು ಮೂರು ಸುತ್ತು ನಡೆಯಬೇಕಿತ್ತು. ಮಿಕ್ಕವರು ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ನಡೆದರೆ ಭವ್ಯ ತಲೆಯೆತ್ತಿ, ತುಟಿ ಬಿಗಿದು, ಯಾರನ್ನೂ ನೋಡದೆ ನಡೆದಳು. ಮೂರು ಸುತ್ತಾದ ಮೇಲೂ ಅವಳು ನಿಲ್ಲಲಿಲ್ಲ. ಮಾಲಿನಿ ಕೈ ಹಿಡಿದು ನಿಲ್ಲಿಸಬೇಕಾಯಿತು.

"ಈಗ ಹೇಳಿ ಮಕ್ಕಳಾ, ಇದರಿಂದ ನಾವು ಏನು ಕಲಿತ್ವಿ?"

"ಬಸ್ಸಲ್ಲಿ ಸೀಟ್ ಬುಡಬಾರದು," ಎಂದ ಒಬ್ಬ. "ಡ್ರೈವರ್ ಜೊತೆ ಮಾತಾಡಬಾರದು," ಎಂದ ಇನ್ನೊಬ್ಬ. ಇಂಚರ ಕೈ ಎತ್ತಿ ಎದ್ದು ನಿಂತಳು.

"ಮಿಸ್, ಆ ಊರೋರು ಒಂದ್ ವರ್ಸ ಬಸ್ಸೇ ಅತ್ಲಿಲ್ಲ ಅಂದ್ರಲ್ಲ? ಬಾಯ್ಕಾಟ್ ಅಂತ?"

"ಎಸ್! ವೆರಿ ಗುಡ್ ಇಂಚರ."

"ನಾವೂ ಜೂನಿಂದ ಸಾಲೆ ಊಟ ಉಂಡಿಲ್ಲ ಮಿಸ್. ಏಳ್ ಜನ. ಒಂದಿನಾನೂ ತಪ್ಸಿಲ್ಲ. ನಮ್ದೂ ಬಾಯ್ಕಾಟೇ ಅಲ್ವಾ?"

ಮಗುವಿನ ಮುಖದಲ್ಲಿ ಕಪಟ ಲವಲೇಶವೂ ಇರಲಿಲ್ಲ. ಕಲಿತ ಪಾಠವನ್ನು ಬದುಕಿಗೆ ಜೋಡಿಸಿದ ಜಾಣೆಯ ಹೆಮ್ಮೆ ಮಾತ್ರ ಇತ್ತು.

"ಯಾಕೆ ಪುಟ್ಟಾ, ಊಟ ಚೆನ್ನಾಗಿಲ್ವಾ?" ಎಂದ ಹರ್ಷವರ್ಧನ್, ನಗುತ್ತ.

"ಗೊತ್ತಿಲ್ಲ ಸಾ. ಸಣ್ಣತಾಯಿ ಮಾಡ್ತಾಳಲ್ಲ, ಅದ್ಕೆ."

ಕಾಂಪೌಂಡಿನ ಬಳಿ ನಿಂತ ಹೆಂಗಸರು ಅಲುಗಲಿಲ್ಲ. ಅಡಿಗೆ ಕೋಣೆಯ ಬಾಗಿಲಲ್ಲಿ ಸಣ್ಣತಾಯಮ್ಮ ಸಾರಿನ ಬಕೆಟ್ಟು ಹಿಡಿದು ನಿಂತಿದ್ದಳು. ಆಗತಾನೇ ಹೊರಗೆ ಬಂದಿದ್ದಳೋ, ಮೊದಲಿನಿಂದ ಅಲ್ಲೇ ಇದ್ದಳೋ.

ಅನಸೂಯಮ್ಮನಿಗೆ ಮೊದಲು ಆದದ್ದು ಸಂತೋಷ. ಈಗ ಹೇಳು ತಾಯಿ, ಈಗ ಅನ್ನು 'ವಾವ್' ಎಂದು ಮಾಲಿನಿಯ ಕಡೆ ನೋಡಿದಳು. ಮಾಲಿನಿಯ ಮುಖ ಬಿಳುಚಿತ್ತು. "ಅದು... ಅದು ಬೇರೆ, ಇಂಚರ," ಎಂದಳು, ಮೈಕಿಗೂ ಕೇಳಿಸದಷ್ಟು ಮೆಲ್ಲಗೆ. ಹರ್ಷವರ್ಧನ್ ಗಡ್ಡ ನೀವಿಕೊಂಡು, "ಇದು ಸೆನ್ಸಿಟಿವ್ ವಿಷಯ. ಆಮೇಲೆ ಕೂತು ಮಾತಾಡೋಣ," ಎಂದ. ಸತೀಶ ವಾಚು ನೋಡಿಕೊಂಡು ಊಟದ ಹೊತ್ತಾಯಿತೆಂದ. "ಐಕಳ ಮಾತು, ಬುಡಿ ಅತ್ಲಾಗೆ," ಎಂದು ದೊಡ್ಡಮಾದಪ್ಪ ನಕ್ಕರು. ಒಬ್ಬೊಬ್ಬರೂ ತಮ್ಮ ತಮ್ಮ ಬಿಲ ಹುಡುಕಿಕೊಂಡು ಓಡುವುದನ್ನು ನೋಡಿ ಅನಸೂಯಮ್ಮನ ಇಪ್ಪತ್ತು ವರ್ಷದ ತಾತ್ಸಾರಕ್ಕೆ ಹಬ್ಬದೂಟ ಸಿಕ್ಕಿದಂತಾಯಿತು.

ಇಂಚರ ಮಾತ್ರ ಕೂತಿರಲಿಲ್ಲ. ಉತ್ತರ ಸಿಗದೆ ಕೂರುವ ಅಭ್ಯಾಸವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳು ತಿರುಗಿದಳು.

"ಅನಸೂಯ ಮಿಸ್, ನೀವ್ ಯೋಳಿ."

ಎಲ್ಲರೂ ಅವಳ ಕಡೆ ನೋಡಿದರು. ಅನಸೂಯಮ್ಮ ಎದ್ದಳು. ಹೇಳಬಲ್ಲೆ ಎಂಬ ಧೈರ್ಯವಿತ್ತು. ಈ ಹೇಡಿಗಳ ನಡುವೆ ನಿಜ ಗೊತ್ತಿರುವವಳು ತಾನೊಬ್ಬಳೇ.

"ಅಲ್ಲ ಕಣೇ ಇಂಚರ, ಅದು ಬಾಯ್ಕಾಟ್ ಅಲ್ಲ. ತಮ್ಮನ್ನ ಹಿಂದಕ್ಕೆ ಕೂರಿಸಿದ ಬಸ್ಸನ್ನ ಅವರು ಬಿಟ್ಟರು. ನೀವು ಬಿಟ್ಟಿರೋದು..."

"ಮಿಸ್ಸೂ ಬುಟ್ಟವ್ರೆ ಕಣವ್ವ."

ಸಣ್ಣತಾಯಮ್ಮನ ದನಿ ಏರಿರಲಿಲ್ಲ. ಬಕೆಟ್ಟನ್ನು ನೆಲಕ್ಕಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಇಂಚರಳಿಗೇ ಹೇಳಿದಳು, ಅನಸೂಯಮ್ಮನಿಗಲ್ಲ.

"ಬಡ್ಸೋಕೆ ಮುಂಚೆ ಮಿಸ್ಸು ರುಚಿ ನೋಡ್ಬೇಕು ಅಂತ ಸರ್ಕಾರದ ರೂಲ್ಸು ಅದೆ. ಎಂಟ್ ತಿಂಗ್ಳಾಯ್ತು ನಾನು ಸೌಟ್ ಇಡ್ಕಂಡ್ ನಿಂತ್ಕಂಡು. ದಿನಾ 'ಚೆನ್ನಾಗಿದೆ' ಅಂತ ರುಜು ಆಕ್ತಾರೆ. ನಾಲ್ಗೆ ಮ್ಯಾಲೆ ಒಂದ್ ಅಗುಳು ಇಟ್ಟಿಲ್ಲ. ಗ್ಯಾಸ್ಟ್ರಿಕ್ಕಂತೆ. ಮಾಲಕ್ಸ್ಮಮ್ಮ ಮಾಡ್ತಿದ್ದಾಗ ಎರಡೆರಡ್ ದಪ ಈಸ್ಕಂಡ್ ಉಣ್ತಿದ್ರಂತೆ, ಆಗ ಇರ್ಲಿಲ್ವಂತೆ ಗ್ಯಾಸ್ಟ್ರಿಕ್ಕು." ಆಮೇಲೆ, "ಮಿಸ್ಸೇ ಉಣ್ಣಲ್ಲ ಅಂದ್ಮೇಲೆ ನಿಂದೇನವ್ವ ತೆಪ್ಪು? ನೀನು ಐಕ," ಎಂದಳು.

ಗ್ಯಾಸ್ಟ್ರಿಕ್ ನಿಜ ಎಂದು ಅನಸೂಯಮ್ಮ ಹೇಳಹೊರಟಳು. ಗುಳಿಗೆ ಪರ್ಸಿನಲ್ಲೇ ಇದೆ, ತೋರಿಸಬಹುದು. ಆದರೆ ಪರ್ಸಿನ ಕಡೆ ಚಾಚಿದ ಕೈಯನ್ನು ಅಲ್ಲೇ ತಡೆದಳು. ಜೂನ್ ತಿಂಗಳ ಮೊದಲ ದಿನ ಸೌಟಿನಲ್ಲಿ ಸಾರು ಮುಂದೆ ಬಂದಾಗ ತನ್ನ ಕೈ ತಾನಾಗಿ ಹಿಂದಕ್ಕೆ ಹೋದದ್ದು ಅವಳಿಗೆ ನೆನಪಿತ್ತು. ಕೈಗೆ ಗ್ಯಾಸ್ಟ್ರಿಕ್ ಇರುವುದಿಲ್ಲ. ಸಣ್ಣತಾಯಮ್ಮ ಈಗ ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದೇನೆಂದು ಗುರುತು ಹಿಡಿಯಲು ಅನಸೂಯಮ್ಮನಿಗೆ ಹೊತ್ತು ಬೇಕಾಗಲಿಲ್ಲ. ಅಪ್ಪಟ ತಾತ್ಸಾರ. ತಾನು ಬಸ್ಸಿನ ಕಿಟಕಿಯಲ್ಲಿ ಅಗಿಯುತ್ತಿದ್ದ ಅದೇ ಪದಾರ್ಥ. ಈ ಹೆಂಗಸು ಅದನ್ನು ಎಂಟು ತಿಂಗಳಿನಿಂದ, ತನಗಿಂತ ಹತ್ತು ಪಟ್ಟು ಹೆಚ್ಚು ನ್ಯಾಯವಾಗಿ, ಬಾಯಲ್ಲಿಟ್ಟುಕೊಂಡು ನಿಂತಿದ್ದಳು.

"ಊಟ, ಊಟ," ಎಂದು ಸತೀಶ ಚಪ್ಪಾಳೆ ತಟ್ಟಿದ. ಕುರ್ಚಿಗಳು ಸರಿದವು. ದೊಡ್ಡಮಾದಪ್ಪ ಮೊಮ್ಮಗಳ ರಟ್ಟೆ ಹಿಡಿದು ಗೇಟಿನ ಕಡೆ ನಡೆದರು. ಹರ್ಷವರ್ಧನ್ ಮತ್ತು ಮಾಲಿನಿ ಕಾರಿನ ಬಳಿ ನಿಂತು ಇಂಗ್ಲಿಷಿನಲ್ಲಿ ಪಿಸುಗುಟ್ಟತೊಡಗಿದರು. ಮಕ್ಕಳು ತಟ್ಟೆ ತೆಗೆದುಕೊಂಡು ನೆರಳಿನಲ್ಲಿ ಸಾಲಾಗಿ ಕೂತರು. ಹಸಿವಿಗೆ ಯಾವ ಇತಿಹಾಸವೂ ಅಡ್ಡ ಬರುವುದಿಲ್ಲ.

ಅನಸೂಯಮ್ಮ ಅಡಿಗೆ ಕೋಣೆಯವರೆಗೆ ಹೋದಳು. ತಟ್ಟೆ ಹಂಚುತ್ತಿದ್ದ ಭವ್ಯ ಅವಳ ಕೈಗೂ ಒಂದು ತಟ್ಟೆ ಕೊಟ್ಟಳು, ಮಿಕ್ಕವರಿಗೆ ಕೊಟ್ಟ ಹಾಗೆಯೇ, ಮುಖ ನೋಡದೆ.

"ಸಣ್ಣತಾಯಮ್ಮ, ನನಗೂ ಬಡಿಸಿ."

"ಮೊದ್ಲು ಐಕ ಉಣ್ಲಿ," ಎಂದಳು ಸಣ್ಣತಾಯಮ್ಮ. ಸೌಟಿನಿಂದ ತೋರಿಸಿದಳು. "ಸಾಲು ಅಲ್ಲಿ ಮುಗೀತದೆ. ಅಲ್ ಕುಂತ್ಕಳಿ."

ಐವತ್ತೇಳರ ಮಂಡಿ ನೆಲಕ್ಕೆ ಬಗ್ಗಲು ಒಪ್ಪಲಿಲ್ಲ. ಗೋಡೆ ಹಿಡಿದು, ಸೀರೆ ಒತ್ತರಿಸಿಕೊಂಡು, ಒಂದನೇ ತರಗತಿಯ ಮಕ್ಕಳ ಪಕ್ಕದಲ್ಲಿ ಕೂತಳು. ಗೇಟಿನ ಬಳಿ ಯಾರೋ ತಿರುಗಿ ನೋಡಿದರು. ಬಕೆಟ್ಟು ಸಾಲಿನ ಆ ತುದಿಯಿಂದ ಹೊರಟಿತು. ಸಣ್ಣತಾಯಮ್ಮ ಅವಸರ ಮಾಡಲಿಲ್ಲ. ಪ್ರತಿ ತಟ್ಟೆಯ ಮುಂದೂ ಬಗ್ಗಿ, ಕೇಳಿ, ಬಡಿಸಿ, ಮುಂದಿನದಕ್ಕೆ ಬಂದಳು. ಖಾಲಿ ತಟ್ಟೆ ಮುಂದಿಟ್ಟುಕೊಂಡು ಕಾಯುವುದು ಎಷ್ಟು ಉದ್ದದ ಕೆಲಸವೆಂದು ಅನಸೂಯಮ್ಮನಿಗೆ ಗೊತ್ತಿರಲಿಲ್ಲ.

ಕೊನೆಗೆ ಅನ್ನ ಬಿತ್ತು, ಸೊಪ್ಪಿನ ಸಾರು ಬಿತ್ತು. ದೊಡ್ಡದೇನೋ ಆಗುತ್ತದೆಂದು ಅವಳು ಒಳಗೊಳಗೇ ಕಾದಿದ್ದಳು. ಕಣ್ಣು ತುಂಬುತ್ತದೆ, ಎದೆ ಹಗುರಾಗುತ್ತದೆ ಎಂದೆಲ್ಲ. ಅಂಥದ್ದೇನೂ ಆಗಲಿಲ್ಲ. ಅನ್ನ ಬಿಸಿಯಾಗಿತ್ತು. ಸಾರಿಗೆ ಉಪ್ಪು ಸ್ವಲ್ಪ ಮುಂದಾಗಿತ್ತು.

"ಉಪ್ಪು ಒಂಚೂರು ಜಾಸ್ತಿಯಾಗಿದೆ ಸಣ್ಣತಾಯಮ್ಮ," ಎಂದಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಸಣ್ಣತಾಯಮ್ಮ ಬಕೆಟ್ಟಿನಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿದಳು.

"ಆಗದೆ," ಎಂದಳು. ಅಷ್ಟೇ. ಒಳಗೆ ಹೋದಳು.

ಮುಂದಿನ ಸೋಮವಾರದಿಂದ ಇಂಚರ ಶಾಲೆಗೆ ಬರಲಿಲ್ಲ. ಅವಳನ್ನೂ ಇನ್ನಿಬ್ಬರನ್ನೂ ಕೊಳ್ಳೇಗಾಲದ ಕಾನ್ವೆಂಟಿಗೆ ಹಾಕಿದರಂತೆ; ವ್ಯಾನು ಮನೆ ಬಾಗಿಲಿಗೇ ಬರುತ್ತದಂತೆ. ಶಾಲೆಯ ಅತ್ಯಂತ ಚುರುಕಿನ ಮಗು ಹೋಯಿತು. ಅವಳ ಪ್ರಶ್ನೆಗೆ ಕೊನೆಗೂ ಯಾರೂ ಪೂರ್ತಿ ಉತ್ತರ ಕೊಡಲಿಲ್ಲ. ಹರ್ಷವರ್ಧನ್ ಆ ಭಾನುವಾರವೇ ಫೇಸ್‌ಬುಕ್ಕಿನಲ್ಲಿ ನಾಟಕದ ಹನ್ನೆರಡು ಫೋಟೋ ಹಾಕಿ 'ಅದ್ಭುತ ಸಂಭ್ರಮ' ಎಂದು ಬರೆದಿದ್ದ. ಸತೀಶನ ವರದಿಯಲ್ಲಿ ಕಾರ್ಯಕ್ರಮ ಯಶಸ್ವಿ ಎಂದಿತ್ತು. ದೊಡ್ಡಮಾದ​ಪ್ಪ ಸಮಿತಿಯ ಅಧ್ಯಕ್ಷಗಿರಿಯನ್ನು ಬಿಡಲಿಲ್ಲ. ಮೊಮ್ಮಗಳನ್ನು ಬಿಡಿಸಿಕೊಂಡು ಹೋದರೂ ಕುರ್ಚಿ ಬಿಡುವ ಜನವಲ್ಲ ಅದು. ಮಾಲಿನಿ ಇನ್ನೊಂದೇ ಸಲ ಬಂದಳು. ಅವಳನ್ನು ಬೇರೆ ತಾಲ್ಲೂಕಿಗೆ ಹಾಕಿದ್ದರು.

"ನನಗೆ ಯಾಕೆ ಯಾರೂ ಹೇಳಲಿಲ್ಲ ಮಿಸ್?" ಎಂದು ಕೇಳಿದಳು, ಕಣ್ಣು ಕೆಂಪು ಮಾಡಿಕೊಂಡು.

ನೀನು ಕೇಳಿದೆಯಾ ಎಂಬ ಮಾತು ಅನಸೂಯಮ್ಮನ ನಾಲಿಗೆಯ ತುದಿಯಲ್ಲಿತ್ತು. ಹಿಂದಿನ ವಾರವಾಗಿದ್ದರೆ ಹೇಳಿಬಿಡುತ್ತಿದ್ದಳು. "ನಾನು ಹೇಳಬೇಕಿತ್ತು," ಎಂದಳು. ಆ ಮಾತು ಅವಳ ಬಾಯಿಗೆ ಹೊಸ ಹಲ್ಲಿನ ಹಾಗೆ ಒತ್ತುತ್ತಿತ್ತು.

ಈಗ ಅನಸೂಯಮ್ಮ ಡಬ್ಬಿ ತರುವುದಿಲ್ಲ. ದಿನವೂ ಸಾಲಿನ ಕೊನೆಯಲ್ಲಿ ಕೂರುತ್ತಾಳೆ. ಇದರಿಂದ ಊರೇನೂ ಬದಲಾಗಲಿಲ್ಲ. ಕೆಲವರು ಅವಳನ್ನು ಕಂಡರೆ ನಮಸ್ಕಾರ ಮಾಡುವುದನ್ನು ಬಿಟ್ಟರು, ಅಷ್ಟೇ. ಸಣ್ಣತಾಯಮ್ಮ ಅವಳ ಜೊತೆ ಉಪ್ಪು ಹುಳಿಯ ವಿಷಯ ಬಿಟ್ಟು ಇನ್ನೇನೂ ಮಾತಾಡುವುದಿಲ್ಲ. ಉಳಿದ ನಾಲ್ಕು ಡಬ್ಬಿಗಳಲ್ಲಿ ಮೂರು ಇನ್ನೂ ಆ ಜಗಲಿಯಲ್ಲೇ ತೆರೆಯುತ್ತವೆ. ನಾಲ್ಕನೆಯದು ಮಾರ್ಚ್ ತಿಂಗಳ ಒಂದು ದಿನ ಚೀಲದಲ್ಲೇ ಉಳಿಯಿತು. ದೊಡ್ಡಮಾದಪ್ಪನ ತಮ್ಮ ಚಿಕ್ಕಮಾದಪ್ಪನ ಮೊಮ್ಮಗಳು, ಒಂದನೇ ತರಗತಿ. ಯಾಕೆಂದು ಯಾರೂ ಕೇಳಲಿಲ್ಲ. ಸಣ್ಣತಾಯಮ್ಮ ಬಡಿಸಿದಳು. ಮಗು ಉಂಡಿತು.

ಉಂಡಾದ ಮೇಲೆ ನಲ್ಲಿಯ ಮುಂದೆ ಎಲ್ಲರೂ ಸಾಲು ನಿಂತಿದ್ದರು. ಬಿಸಿಲಿಗೆ ಟ್ಯಾಂಕಿನ ನೀರು ಕಾದಿತ್ತು, ಸಣ್ಣಗೆ ಬರುತ್ತಿತ್ತು. ಅನಸೂಯಮ್ಮ ಬಗ್ಗಿ ತನ್ನ ತಟ್ಟೆ ಉಜ್ಜುತ್ತಿದ್ದಳು. ಹಿಂದಿನಿಂದ ಯಾರೋ ಸೀರೆ ಜಗ್ಗಿದರು.

"ಬ್ಯಾಗ ತೊಳೀರಿ ಮಿಸ್. ನಂದೂ ಅದೆ."

ಅನಸೂಯಮ್ಮ ಸ್ವಲ್ಪ ಸರಿದು ನಿಂತಳು. ಅದೇ ಮಗು ತನ್ನ ತಟ್ಟೆಯನ್ನು ಅವಳ ತಟ್ಟೆಯ ಕೆಳಗೆ ಹಿಡಿಯಿತು. ಮೇಲಿನದರ ಅಂಚಿನಿಂದ ಇಳಿದ ನೀರು ಕೆಳಗಿನದನ್ನು ತುಂಬಿ, ನಾಲ್ಕೈದು ಅನ್ನದ ಅಗುಳುಗಳನ್ನು ತೇಲಿಸಿಕೊಂಡು ಚರಂಡಿಯ ಕಡೆ ಹರಿಯಿತು.